ಬಿದ್ದವರೇ ಬರೆದ ನಿಯಮಗಳು

ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಬಿದ್ದ ಸವಾರ ಇವತ್ತು ಎದ್ದು, ದೂಳು ಕೊಡವಿ, ನಡೆದು ಹೋಗಬಲ್ಲ. ಈ ಭಾಗ್ಯ ತಾನಾಗಿ ಒದಗಲಿಲ್ಲ. ಟ್ರ್ಯಾಕಿಗೆ ಇಳಿಯಲು ಒಲ್ಲೆ ಎಂದ ಸವಾರರು, ರೇಸಿನ ಅಂಗಳಕ್ಕೆ ಆಸ್ಪತ್ರೆಯನ್ನೇ ಎಳೆದು ತಂದ ವೈದ್ಯ, ಸಾವಿನ ದವಡೆಯಿಂದ ಬಂದು ತಡೆಗೋಡೆಗಳನ್ನು ಹಿಂದಕ್ಕೆ ಸರಿಸಲು ನಿಂತ ಚಾಂಪಿಯನ್ ಇದನ್ನು ತಂದರು. ಬೆಂಗಳೂರಿನ ಮಕ್ಕಳು ಬೈಕ್ ರೇಸಿನ ಗ್ರಿಡ್‌ನಲ್ಲಿ ನಿಲ್ಲುತ್ತಿರುವ ಈ ಕಾಲದಲ್ಲಿ ಅವರ ಕಥೆ ನಮಗೂ ಬೇಕು.

1983ರ ಜೂನ್ 25, ಶನಿವಾರ. ಲಾರ್ಡ್ಸ್ ಮೈದಾನದಲ್ಲಿ ಕಪಿಲ್ ದೇವ್ ಬಳಗ ವೆಸ್ಟ್ ಇಂಡೀಸನ್ನು ಮಣಿಸಿದ ದಿನ. ನಮ್ಮ ರೋಜರ್ ಬಿನ್ನಿ, ಸೈಯದ್ ಕಿರ್ಮಾನಿ ಆಡಿದ ಪಂದ್ಯ. ಅಂದು ಕನ್ನಡಿಗರ ಕಿವಿಯೆಲ್ಲ ಇಂಗ್ಲೆಂಡಿನ ಕಡೆಗಿತ್ತು.

ಅದೇ ದಿನ ಉತ್ತರ ಸಮುದ್ರದ ಆಚೆ ದಡದಲ್ಲಿ, ನೆದರ್ಲೆಂಡ್ಸಿನ ಅಸೆನ್‌ನಲ್ಲಿ, 500 ಸಿಸಿ ಬೈಕುಗಳ ವಿಶ್ವ ಚಾಂಪಿಯನ್‌ಷಿಪ್ ರೇಸ್ ನಡೆಯಿತು. ಇಟಲಿಯ ಫ್ರಾಂಕೊ ಉಂಚಿನಿ ಹಿಂದಿನ ವರ್ಷದ ಚಾಂಪಿಯನ್. ತಿರುವಿನಿಂದ ಹೊರಬರುವಾಗ ಅವರ ಸುಜುಕಿ ಒಮ್ಮೆಲೇ ಕೊಸರಿಕೊಂಡು ಅವರನ್ನು ಎತ್ತಿ ಎಸೆಯಿತು.

ಬಿದ್ದದ್ದು ಟ್ರ್ಯಾಕಿನ ಮೇಲೆ. ಹಿಂದಿನಿಂದ ಬೈಕುಗಳು ನುಗ್ಗಿ ಬರುತ್ತಿವೆ. ಉಂಚಿನಿ ಎದ್ದು, ಬಗ್ಗಿ, ಹುಲ್ಲಿನ ಅಂಚಿಗೆ ಓಡಲು ನೋಡಿದರು.

ಆಸ್ಟ್ರೇಲಿಯಾದ ವೇಯ್ನ್ ಗಾರ್ಡ್ನರ್‌ಗೆ ಅದು 500 ಸಿಸಿ ವಿಶ್ವ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ರೇಸ್. ಪಕ್ಕಕ್ಕೆ ಸರಿಯಲು ಅವರಿಗೆ ಜಾಗವಿರಲಿಲ್ಲ, ಸಮಯವೂ ಇರಲಿಲ್ಲ. ಬೈಕ್ ಬಂದು ಉಂಚಿನಿಯ ತಲೆಗೆ ಅಪ್ಪಳಿಸಿತು. ಹೆಲ್ಮೆಟ್ ಕಳಚಿ ಹಾರಿತು.

ನೋಡಿದವರು ಆಸೆ ಬಿಟ್ಟಿದ್ದರು. ಆದರೆ ಉಂಚಿನಿ ಕೋಮಾದಿಂದ ಹೊರಬಂದರು, ಚೇತರಿಸಿಕೊಂಡರು, ಮತ್ತೆ ರೇಸಿಗೂ ಇಳಿದರು. ಬೈಕ್ ಬಿಟ್ಟ ಮೇಲೆ ಅವರು ಆರಿಸಿಕೊಂಡ ಕೆಲಸವೇ ಅವರ ಬದುಕಿನ ದೊಡ್ಡ ಸಾಧನೆ. ಮೋಟಾರ್‌ಸೈಕಲ್ ಕ್ರೀಡೆಯ ಜಾಗತಿಕ ಒಕ್ಕೂಟವಾದ ಎಫ್‌ಐಎಂನ ಸುರಕ್ಷತಾ ಅಧಿಕಾರಿಯಾಗಿ ಅವರು ಬಹುಕಾಲ ದೇಶದೇಶಗಳ ಟ್ರ್ಯಾಕ್ ಪರಿಶೀಲಿಸಿದರು. ಈ ತಿರುವಿನಲ್ಲಿ ಬಿದ್ದವರು ಎತ್ತ ಜಾರುತ್ತಾರೆ, ಗೋಡೆ ಎಷ್ಟು ದೂರವಿದೆ, ಜಲ್ಲಿಯ ಹಾಸು ಸಾಕೇ ಎಂದು ಕೇಳುವುದು ಅವರ ಕೆಲಸವಾಯಿತು.

ಬಿದ್ದು ಗೊತ್ತಿದ್ದವರು ಟ್ರ್ಯಾಕನ್ನು ನೋಡುವ ಬಗೆಯೇ ಬೇರೆ. ಬೈಕ್ ರೇಸಿನ ಸುರಕ್ಷತೆಯ ಚರಿತ್ರೆಯನ್ನು ತಿರುವಿದಂತೆಲ್ಲ ಕಾಣುವುದು ಇದೇ. ಬೀಳುವವರ ಮಾತಿಗೆ ಬೆಲೆ ಬಂದಾಗಲೆಲ್ಲ ಜೀವ ಉಳಿದಿದೆ. ಆ ಮಾತನ್ನು ತಳ್ಳಿಹಾಕಿದಾಗಲೆಲ್ಲ ಹೆಣ ಬಿದ್ದಿದೆ.

ಕಾರಿಗೆ ಕವಚ, ಬೈಕಿಗೆ ಕತ್ತಿ

ಕಾರಿನ ಚಾಲಕನ ಸುತ್ತ ಲೋಹದ ಗೂಡು ಇರುತ್ತದೆ. ಡಿಕ್ಕಿಯಾದಾಗ ಮೊದಲು ಜಜ್ಜಿಹೋಗುವುದು ಕಾರು. ಬೈಕಿನ ಸವಾರನಿಗೆ ಆ ಗೂಡಿಲ್ಲ. ಬಿದ್ದ ಕ್ಷಣದಲ್ಲಿ ಅವನೂ ಬೈಕೂ ಬೇರೆಯಾಗುತ್ತಾರೆ. ಆಮೇಲೆ ಅವನನ್ನು ಕಾಯುವುದು ಎರಡೇ: ಮೈಮೇಲಿನ ಉಡುಪು, ಮುಂದಿರುವ ಖಾಲಿ ಜಾಗ.

1960ರ ದಶಕದಲ್ಲಿ ಫಾರ್ಮುಲಾ ಒನ್ ಚಾಲಕರು ಸಾಲುಸಾಲಾಗಿ ಸಾಯುತ್ತಿದ್ದರು. ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್ ಮೊದಲಾದವರು ಪಟ್ಟುಹಿಡಿದು ಹೋರಾಡಿದರು. ಅದರ ಫಲವಾಗಿ ಟ್ರ್ಯಾಕುಗಳ ಅಂಚಿಗೆ ಉಕ್ಕಿನ ಗಾರ್ಡ್ ರೇಲ್ ಬಂತು. ಕಾರು ಅದಕ್ಕೆ ಉಜ್ಜಿಕೊಂಡು ನಿಲ್ಲುತ್ತಿತ್ತು, ಚಾಲಕ ಉಳಿಯುತ್ತಿದ್ದ.

ಅದೇ ಟ್ರ್ಯಾಕಿನಲ್ಲಿ ಬೈಕುಗಳೂ ಓಡುತ್ತಿದ್ದವು. ಜಾರಿ ಬಂದ ಸವಾರನ ಮೈಗೆ ಆ ಉಕ್ಕಿನ ಪಟ್ಟಿ, ಅದನ್ನು ಹಿಡಿದ ಕಂಬಗಳು ಕೊಡಲಿಯೇಟಿಗೆ ಸಮ. ಬಡಿದ ಬೈಕ್ ಪುಟಿದು ಮತ್ತೆ ಟ್ರ್ಯಾಕಿನ ನಡುವೆ ಬರುತ್ತಿತ್ತು. ಒಬ್ಬರನ್ನು ಉಳಿಸಿದ ವ್ಯವಸ್ಥೆಯೇ ಇನ್ನೊಬ್ಬರನ್ನು ಕೊಲ್ಲತೊಡಗಿತು.

1973ರ ಮೇ 20ರಂದು ಇಟಲಿಯ ಮೊಂಝಾದಲ್ಲಿ 250 ಸಿಸಿ ರೇಸ್. ಮೊದಲ ಲ್ಯಾಪ್‌ನಲ್ಲೇ, ‘ಕುರ್ವಾ ಗ್ರಾಂದೆ’ ಎಂಬ ಮಹಾವೇಗದ ತಿರುವಿನಲ್ಲಿ ಇಟಲಿಯ ರೆಂಝೊ ಪಝೊಲಿನಿ ಬಿದ್ದರು. ಅವರ ಬೈಕ್ ಗಾರ್ಡ್ ರೇಲ್‌ಗೆ ಬಡಿದು ಪುಟಿದು ಹಿಂದಿದ್ದ ಯಾರ್ನೊ ಸಾರಿನೆನ್ ಅವರನ್ನು ಹೊಡೆಯಿತು. ಹತ್ತಕ್ಕೂ ಹೆಚ್ಚು ಸವಾರರು ಒಬ್ಬರ ಮೇಲೊಬ್ಬರು ಉರುಳಿದರು. ಹುಲ್ಲಿನ ಮೂಟೆಗಳಿಗೆ ಬೆಂಕಿ ಹೊತ್ತಿಕೊಂಡಿತು.

ಪಝೊಲಿನಿ ಸತ್ತರು. ಸಾರಿನೆನ್ ಕೂಡ ಸತ್ತರು. ಫಿನ್ಲೆಂಡಿನ ಸಾರಿನೆನ್ 250 ಸಿಸಿ ವಿಶ್ವ ಚಾಂಪಿಯನ್; ವಯಸ್ಸು 27. ಅಮೆರಿಕದ ಡೇಟೋನಾ 200 ರೇಸನ್ನು ಆ ವರ್ಷವಷ್ಟೇ ಗೆದ್ದಿದ್ದರು. ಎರಡು ತಿಂಗಳು ಕಳೆಯುವ ಮುನ್ನ ಅದೇ ಮೊಂಝಾ ಇನ್ನೂ ಮೂವರು ಸವಾರರನ್ನು ಬಲಿ ತೆಗೆದುಕೊಂಡಿತು.

‘ನಾವು ಇಳಿಯುವುದಿಲ್ಲ’

ಆ ಕಾಲದ ಸವಾರರ ಕೈಯಲ್ಲಿ ಇದ್ದ ಆಯುಧ ಒಂದೇ, ನಿರಾಕರಣೆ. ಅದನ್ನು ಬಳಸಿದರೆ ಹೊಟ್ಟೆಪಾಡಿಗೆ ಕುತ್ತು. ಬಹುಮಾನದ ಹಣ ಚಿಲ್ಲರೆ, ಸಂಘಟಕರು ಕೊಡುವ ಸ್ಟಾರ್ಟ್ ಮನಿಯೇ ಅನೇಕರ ಬದುಕು. ಆದರೂ ಬಳಸಿದರು.

ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್ ಬೈಕ್ ಲೋಕದ ಅತಿ ದೊಡ್ಡ ಹೆಸರು. ಊರು, ಬೆಟ್ಟ, ಕಲ್ಲುಗೋಡೆಗಳ ನಡುವೆ ಹಾದುಹೋಗುವ 60 ಕಿ.ಮೀ.ಗೂ ಉದ್ದದ ಸಾರ್ವಜನಿಕ ರಸ್ತೆಯೇ ಅಲ್ಲಿ ಟ್ರ್ಯಾಕ್. 1972ರ ಜೂನ್‌ನಲ್ಲಿ ಮಳೆ, ಮಂಜಿನ ನಡುವೆ 125 ಸಿಸಿ ರೇಸಿನಲ್ಲಿ ಇಟಲಿಯ ಜಿಲ್ಬೆರ್ತೊ ಪರ್ಲೋತ್ತಿ ಸತ್ತರು. ಅವರ ಗೆಳೆಯ ಜಾಕೊಮೊ ಅಗೊಸ್ತಿನಿ ಟಿಟಿಯಲ್ಲಿ 10 ಗೆಲುವು ಕಂಡ ಮಹಾನ್ ಸವಾರ. ಆ ಸಲದ ಸೀನಿಯರ್ ರೇಸ್ ಗೆದ್ದ ಅಗೊಸ್ತಿನಿ ಇನ್ನು ಮುಂದೆ ಇಲ್ಲಿ ರೇಸಿಗೆ ಬರುವುದಿಲ್ಲ ಎಂದರು. ಫಿಲ್ ರೀಡ್, ಬ್ಯಾರಿ ಶೀನ್ ಮೊದಲಾದವರೂ ವಿಶ್ವ ಚಾಂಪಿಯನ್‌ಷಿಪ್‌ನ ಟಿಟಿಯಿಂದ ದೂರ ಉಳಿದರು.

ಚಾಂಪಿಯನ್‌ಗಳೇ ಇಲ್ಲದ ಚಾಂಪಿಯನ್‌ಷಿಪ್ ಎಷ್ಟು ದಿನ ನಡೆದೀತು? 1976ರ ನಂತರ ಟಿಟಿ ವಿಶ್ವ ಚಾಂಪಿಯನ್‌ಷಿಪ್‌ನ ಪಟ್ಟಿಯಿಂದ ಹೊರಬಿತ್ತು. ಬ್ರಿಟನ್ನಿನ ಸುತ್ತು ಸಿಲ್ವರ್‌ಸ್ಟೋನ್ ಟ್ರ್ಯಾಕಿಗೆ ಹೋಯಿತು. ಟಿಟಿ ಇಂದಿಗೂ ಪ್ರತ್ಯೇಕವಾಗಿ ನಡೆಯುತ್ತಿದೆ. ಆ ರಸ್ತೆಯಲ್ಲಿ ಈವರೆಗೆ ಸತ್ತ ಸವಾರರ ಸಂಖ್ಯೆ 260 ದಾಟಿದೆ.

1974ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲೂ ಹೀಗೆಯೇ ಆಯಿತು. ಕಾಡಿನ ನಡುವೆ ಸುತ್ತುವ ಸುಮಾರು 23 ಕಿ.ಮೀ. ಟ್ರ್ಯಾಕಿಗೆ ಸಾಕಷ್ಟು ಹುಲ್ಲುಮೂಟೆಯ ರಕ್ಷಣೆ ಬೇಕು ಎಂದು ಪ್ರಮುಖ ಸವಾರರು ಕೇಳಿದರು. ಸಿಗಲಿಲ್ಲ. ಗಂಟುಮೂಟೆ ಕಟ್ಟಿದರು. ಉಳಿದ ಬೆರಳೆಣಿಕೆಯ ಸವಾರರೇ 500 ಸಿಸಿ ರೇಸ್ ಓಡಿ ಮುಗಿಸಿದರು.

1979ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿಗೆ ಹೊಸ ಡಾಂಬರು ಬಿದ್ದಿತ್ತು. ಅದು ವಿಪರೀತ ಜಾರುತ್ತಿತ್ತು. ಅಮೆರಿಕದ ಕೆನ್ನಿ ರಾಬರ್ಟ್ಸ್, ಇಟಲಿಯ ವಿರ್ಜಿನಿಯೊ ಫೆರಾರಿ ಸೇರಿದಂತೆ ಅಗ್ರ ಸವಾರರು ಇಳಿಯಲಿಲ್ಲ. ಚಾಂಪಿಯನ್‌ಷಿಪ್‌ಗಾಗಿ ಪರಸ್ಪರ ಸೆಣಸುತ್ತಿದ್ದ ಇಬ್ಬರು ಒಂದಾಗಿ ನಿಂತದ್ದು ದೊಡ್ಡ ಮಾತು. ಒಕ್ಕೂಟ ಇಬ್ಬರ ಮೇಲೂ ಅಮಾನತಿನ ಕ್ರಮ ಕೈಗೊಂಡಿತು.

ರಾಬರ್ಟ್ಸ್ ಬಗ್ಗಲಿಲ್ಲ. ಅಗ್ರ ಸವಾರರನ್ನು ಕಟ್ಟಿಕೊಂಡು ‘ವರ್ಲ್ಡ್ ಸೀರೀಸ್’ ಎಂಬ ಪ್ರತ್ಯೇಕ ಸರಣಿಯನ್ನೇ ನಡೆಸುತ್ತೇವೆ ಎಂದು ಘೋಷಿಸಿದರು. ಟ್ರ್ಯಾಕುಗಳು ಸಿಗದೆ ಅದು ನಡೆಯಲಿಲ್ಲ. ಆದರೆ ಆ ಬೆದರಿಕೆಗೆ ಒಕ್ಕೂಟ ಮೆತ್ತಗಾಯಿತು. ಬಹುಮಾನದ ಹಣ ಏರಿತು, ಸವಾರರ ಮಾತಿಗೆ ತೂಕ ಬಂತು.

ಟ್ರ್ಯಾಕಿಗೆ ಬಂದ ಆಸ್ಪತ್ರೆ

1957ರಲ್ಲಿ ಇಟಲಿಯ ಇಮೋಲಾದಲ್ಲಿ ಬ್ರಿಟನ್ನಿನ ಖ್ಯಾತ ಸವಾರ ಜೆಫ್ ಡ್ಯೂಕ್ ಬಿದ್ದಾಗ, ಪಕ್ಕದಲ್ಲಿ ನೋಡುತ್ತಿದ್ದ ಹದಿಹರೆಯದ ಹುಡುಗನೊಬ್ಬ ಟ್ರ್ಯಾಕಿಗೆ ಓಡಿ ಹೋಗಿ ನೆರವಾದ. ಹುಡುಗನ ಹೆಸರು ಕ್ಲೌದಿಯೊ ಕೋಸ್ತಾ. ಅವನ ತಂದೆ ಕೆಕ್ಕೊ ಕೋಸ್ತಾ ಇಮೋಲಾ ರೇಸುಗಳ ಸಂಘಟಕ.

ಹುಡುಗ ಬೆಳೆದು ವೈದ್ಯನಾದ. ಗಾಯಾಳುವನ್ನು ದೂರದ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಜೀವ ಹೋಗುತ್ತಿದ್ದುದನ್ನು ಕಂಡ. ಬಿದ್ದ ಮೊದಲ ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲದಂತೆ, ರಕ್ತ ಹರಿಯದಂತೆ ನೋಡಿಕೊಂಡರೆ ಉಳಿಯುವವರೇ ಹೆಚ್ಚು. 1972ರ ಇಮೋಲಾ 200 ರೇಸಿನಲ್ಲಿ ಕೋಸ್ತಾ ಟ್ರ್ಯಾಕಿನ ಉದ್ದಕ್ಕೂ ವೈದ್ಯರನ್ನು ನಿಲ್ಲಿಸಿದರು. ಅಲ್ಲಿಂದ ಮುಂದಿನ ಹೆಜ್ಜೆ, ರೇಸಿನ ಜೊತೆಗೇ ಊರೂರು ಸುತ್ತುವ ಆಸ್ಪತ್ರೆ. ಎಜಿವಿ ಹೆಲ್ಮೆಟ್ ಕಂಪನಿಯ ಸ್ಥಾಪಕ ಜಿನೊ ಅಮಿಸಾನೊ ಹಣದ ನೆರವು ಕೊಟ್ಟರು. 1977ರಲ್ಲಿ ‘ಕ್ಲಿನಿಕಾ ಮೊಬಿಲೆ’ ರಸ್ತೆಗಿಳಿಯಿತು.

ಅದರ ಮೊದಲ ರೇಸ್ 1977ರ ಮೇ 1ರಂದು, ಆಸ್ಟ್ರಿಯಾದ ಸಾಲ್ಝ್‌ಬರ್ಗ್‌ರಿಂಗ್‌ನಲ್ಲಿ. ಅಂದೇ 350 ಸಿಸಿ ರೇಸಿನಲ್ಲಿ ಭೀಕರ ಸರಣಿ ಅಪಘಾತ. ಸ್ವಿಟ್ಜರ್ಲೆಂಡಿನ ಹಾನ್ಸ್ ಸ್ಟಾಡೆಲ್‌ಮನ್ ಸತ್ತರು. ತೀವ್ರವಾಗಿ ಗಾಯಗೊಂಡವರಲ್ಲಿ ಒಬ್ಬ ತರುಣನನ್ನು ಕೋಸ್ತಾ ತಂಡ ಉಳಿಸಿಕೊಂಡಿತು. ಆ ತರುಣ ಫ್ರಾಂಕೊ ಉಂಚಿನಿ. ಆರು ವರ್ಷಗಳ ನಂತರ ಅಸೆನ್‌ನಲ್ಲಿ ಬಿದ್ದ ಅದೇ ಉಂಚಿನಿ.

ಸಾಲ್ಝ್‌ಬರ್ಗ್‌ರಿಂಗ್‌ನಲ್ಲಿ ಆ ದಿನ 500 ಸಿಸಿಯ ಹೆಸರಾಂತ ಸವಾರರು ರೇಸಿಗೆ ಇಳಿಯಲು ನಿರಾಕರಿಸಿದರು. ಉಳಿದ ಕೆಲವರ ನಡುವೆ ನಡೆದ ರೇಸನ್ನು ಆಸ್ಟ್ರೇಲಿಯಾದ ಹಿರಿಯ ಸವಾರ ಜ್ಯಾಕ್ ಫಿಂಡ್ಲೆ ಗೆದ್ದರು.

ಕ್ಲಿನಿಕಾ ಮೊಬಿಲೆ ದಶಕಗಳ ಕಾಲ ಸವಾರರ ತವರಾಯಿತು. 1992ರಲ್ಲಿ ಅಸೆನ್‌ನಲ್ಲಿ ಕಾಲು ಮುರಿದುಕೊಂಡ ಆಸ್ಟ್ರೇಲಿಯಾದ ಮೈಕೆಲ್ ಡೂಹನ್ ಸ್ಥಳೀಯ ಚಿಕಿತ್ಸೆಯ ನಂತರ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ಕೋಸ್ತಾ ಅವರನ್ನು ಇಟಲಿಗೆ ಕರೆದೊಯ್ದರು. ಗಾಯದ ಕಾಲಿಗೆ ರಕ್ತ ಸಿಗಲೆಂದು ಎರಡೂ ಕಾಲುಗಳನ್ನು ಸೇರಿಸಿ ಹೊಲಿದರು. ಕಾಲು ಉಳಿಯಿತು. ಡೂಹನ್ 1994ರಿಂದ 1998ರವರೆಗೆ ಸತತ ಐದು ಬಾರಿ ವಿಶ್ವ ಚಾಂಪಿಯನ್ ಆದರು.

---

ಬಾಕ್ಸ್: ಹೆಲ್ಮೆಟ್ ತಂದವರು ವೈದ್ಯರು

● ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ವೈದ್ಯ ಡಾ. ಎರಿಕ್ ಗಾರ್ಡ್ನರ್ ತಲೆಗೆ ಪೆಟ್ಟು ಬಿದ್ದ ಬೈಕ್ ಸವಾರರನ್ನು ನೋಡಿ ನೋಡಿ ರೋಸಿಹೋಗಿದ್ದರು. ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿಯಾದ ಟೊಪ್ಪಿ ಮಾಡಿಸಿದರು.

● ಕ್ರೀಡಾಸಂಸ್ಥೆ ಮೊದಲು ಅದನ್ನು ತಳ್ಳಿಹಾಕಿತು. ಬಳಿಕ ಒಪ್ಪಿ, 1914ರ ಟಿಟಿಯಲ್ಲಿ ಹೆಲ್ಮೆಟ್ ಕಡ್ಡಾಯಗೊಳಿಸಿತು.

● 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಸತ್ತರು. ಅವರನ್ನು ನೋಡಿದ ನರಶಸ್ತ್ರವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಅಂಕಿಅಂಶ ಕಲೆಹಾಕಿ 1941ರಲ್ಲಿ ಸಂಶೋಧನೆ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

---

ಬೆನ್ನಿಗೆ ನಿಂತವರು

1975ರ ಡೇಟೋನಾ. ಟಿ.ವಿ. ಸಾಕ್ಷ್ಯಚಿತ್ರದ ತಂಡವೊಂದು ಬ್ಯಾರಿ ಶೀನ್ ಅವರ ಹಿಂದೆಯೇ ಇತ್ತು. ಅಭ್ಯಾಸದ ವೇಳೆ ಗಂಟೆಗೆ ಸುಮಾರು 280 ಕಿ.ಮೀ. ವೇಗದಲ್ಲಿ ಹಿಂದಿನ ಟಯರ್ ಕೈಕೊಟ್ಟಿತು. ತೊಡೆ, ತೋಳು, ಕೊರಳೆಲುಬು, ಪಕ್ಕೆಲುಬು ಮುರಿದವು. ಏಳು ವಾರಗಳಲ್ಲಿ ಶೀನ್ ಮತ್ತೆ ಬೈಕ್ ಏರಿದರು. 1976, 1977ರಲ್ಲಿ ವಿಶ್ವ ಚಾಂಪಿಯನ್ ಆದರು.

ಜನ ಅವರ ಧೈರ್ಯವನ್ನು ನೆನೆಯುತ್ತಾರೆ. ಅವರ ತಲೆಯನ್ನೂ ನೆನೆಯಬೇಕು. ಆಗಿನ ಸವಾರರ ಲೆದರ್ ಸೂಟ್ ಚರ್ಮ ತರಚದಂತೆ ಕಾಯುತ್ತಿತ್ತೇ ಹೊರತು ಬೆನ್ನುಮೂಳೆಗೆ ಏನೂ ಇರಲಿಲ್ಲ. ಹಳೆಯ ಹೆಲ್ಮೆಟ್ಟುಗಳ ಮುಖಗಾಜನ್ನು ಕತ್ತರಿಸಿ, ಒಂದರ ಮೇಲೊಂದು ಬರುವಂತೆ ಜೋಡಿಸಿ ಶೀನ್ ಬೆನ್ನಿಗೆ ಕಾಪು ಮಾಡಿಕೊಂಡರು ಎನ್ನುತ್ತಾರೆ. ಇಟಲಿಯ ಡೈನೀಸ್ ಕಂಪನಿ 1970ರ ದಶಕದ ಕೊನೆಗೆ ಬೆನ್ನುಕವಚವನ್ನು ಮಾರುಕಟ್ಟೆಗೆ ತಂದಾಗ ಅದನ್ನು ತೊಟ್ಟು ಪರೀಕ್ಷಿಸಿದವರೂ ಶೀನ್.

ಅಲ್ಲಿಂದ ಏರ್‌ಬ್ಯಾಗ್‌ವರೆಗಿನ ದಾರಿಗೆ ಮೂರು ದಶಕ ಹಿಡಿಯಿತು. ಬೈಕ್ ಬೀಳುವುದರಲ್ಲಿ ಎರಡು ಬಗೆ. ಬೈಕ್ ಒಳಬದಿಗೆ ಮಲಗಿ ಜಾರಿದರೆ ಲೋಸೈಡ್. ಇದರಲ್ಲಿ ಸವಾರ ನೆಲಕ್ಕೆ ಹತ್ತಿರವೇ ಇರುತ್ತಾನೆ. ಜಾರುತ್ತಿದ್ದ ಹಿಂದಿನ ಚಕ್ರ ಥಟ್ಟನೆ ಹಿಡಿತ ಸಾಧಿಸಿ ಸವಾರನನ್ನು ಗಾಳಿಗೆ ಎಸೆದರೆ ಹೈಸೈಡ್. ಎಲುಬು ಮುರಿಯುವುದು ಹೆಚ್ಚಾಗಿ ಇದರಲ್ಲಿ. ಎಸೆತಕ್ಕೂ ನೆಲಕ್ಕೆ ಬಡಿಯುವುದಕ್ಕೂ ನಡುವಿನ ಅರೆಗಳಿಗೆಯಲ್ಲಿ ಉಬ್ಬಿ ನಿಲ್ಲುವ ಗಾಳಿಚೀಲ ಭುಜ, ಕೊರಳೆಲುಬು, ಪಕ್ಕೆಲುಬುಗಳನ್ನು ಕಾಯುತ್ತದೆ.

2013ರಲ್ಲಿ ಇಟಲಿಯ ಮುಜೆಲ್ಲೊದಲ್ಲಿ ಸ್ಪೇನಿನ ಮಾರ್ಕ್ ಮಾರ್ಕೆಸ್ ಗಂಟೆಗೆ ಸುಮಾರು 338 ಕಿ.ಮೀ. ವೇಗದಲ್ಲಿ ಹತೋಟಿ ತಪ್ಪಿ, ಗೋಡೆಗೆ ಬಡಿಯುವ ಮುನ್ನ ಬೈಕ್ ಬಿಟ್ಟು ಜಿಗಿದರು. ಹುಲ್ಲು, ಜಲ್ಲಿಯ ಮೇಲೆ ಉರುಳುತ್ತ ಹೋದರು. ಎರಡೇ ದಿನದಲ್ಲಿ, ಭಾನುವಾರದ ರೇಸಿನ ಗ್ರಿಡ್‌ನಲ್ಲಿ ನಿಂತರು.

---

ಬಾಕ್ಸ್: ಎವೆ ಮಿಟುಕಿಸುವ ಮುನ್ನ

● ರೇಸಿಂಗ್ ಸೂಟಿನ ಬೆನ್ನಿನ ಗೂನಿನಲ್ಲಿ ಪುಟ್ಟ ಕಂಪ್ಯೂಟರ್ ಇರುತ್ತದೆ. ಸವಾರನ ಮೈ ಎತ್ತ ವಾಲುತ್ತಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಅದರ ಸಂವೇದಕಗಳು ಎಡೆಬಿಡದೆ ಅಳೆಯುತ್ತವೆ.

● ಬಿದ್ದದ್ದು ಖಚಿತವಾದ ಕೂಡಲೇ ಪುಟ್ಟ ಸಿಲಿಂಡರಿನ ಅನಿಲ ಚೀಲಕ್ಕೆ ನುಗ್ಗುತ್ತದೆ. ಚೀಲ ಉಬ್ಬಲು ಹತ್ತಾರು ಮಿಲಿಸೆಕೆಂಡು ಸಾಕು. ಕಣ್ಣೆವೆ ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

● 2018ರಿಂದ ವಿಶ್ವ ಚಾಂಪಿಯನ್‌ಷಿಪ್‌ನ ಮೋಟೊಜಿಪಿ, ಮೋಟೊ2, ಮೋಟೊ3 ಈ ಮೂರೂ ವರ್ಗಗಳ ಕಾಯಂ ಸವಾರರಿಗೆ ಏರ್‌ಬ್ಯಾಗ್ ಕಡ್ಡಾಯ.

● 2021ರಿಂದ ಡಕಾರ್ ರ್‍ಯಾಲಿಯ ಬೈಕ್ ಸವಾರರಿಗೂ ಕಡ್ಡಾಯ. ಆ ವರ್ಷದ ಜನವರಿ 6ರಂದು ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಒಯ್ದರು. ಚಿಕಿತ್ಸೆಗಾಗಿಯೇ ಕೋಮಾದಲ್ಲಿ ಇರಿಸಿದ ವೈದ್ಯರು ಅವರನ್ನು ಉಳಿಸಿಕೊಂಡರು. 2015ರಲ್ಲಿ ಡಕಾರ್ ಪೂರ್ಣಗೊಳಿಸಿದ ಮೊದಲ ಭಾರತೀಯ ಇವರು.

---

ಶುಕ್ರವಾರ ಸಂಜೆಯ ಸಭೆ

2003ರ ಏಪ್ರಿಲ್ 6ರಂದು ಜಪಾನಿನ ಸುಜುಕಾದಲ್ಲಿ ತಾಯ್ನೆಲದ ಸವಾರ ದೈಜಿರೊ ಕಾಟೊ ತಡೆಗೋಡೆಗೆ ಬಡಿದು ಬಿದ್ದರು. ರೇಸ್ ನಿಲ್ಲಲಿಲ್ಲ. ಎರಡು ವಾರ ಕೋಮಾದಲ್ಲಿದ್ದು ಸತ್ತರು. ವಯಸ್ಸು 26. ಗೋಡೆ ಟ್ರ್ಯಾಕಿಗೆ ಅಷ್ಟು ಹತ್ತಿರ ಇರಬಾರದಿತ್ತು. ವಿಶ್ವ ಚಾಂಪಿಯನ್‌ಷಿಪ್ ಮತ್ತೆ ಸುಜುಕಾಗೆ ಹೋಗಲಿಲ್ಲ.

ಆ ಸಾವಿನ ನಂತರ ‘ಸೇಫ್ಟಿ ಕಮಿಷನ್’ ಹುಟ್ಟಿತು. ವ್ಯಾಲೆಂಟಿನೊ ರಾಸ್ಸಿ, ಸೆತೆ ಜಿಬರ್ನಾವ್, ಕೆನ್ನಿ ರಾಬರ್ಟ್ಸ್ ಜೂನಿಯರ್, ನೊಬುಅತ್ಸು ಆವೊಕಿ ಮೊದಲ ಸದಸ್ಯರು. ಜೂನಿಯರ್ ರಾಬರ್ಟ್ಸ್, ಸ್ಪಾದಲ್ಲಿ ಅಮಾನತಿನ ಶಿಕ್ಷೆ ಎದುರಿಸಿದ ರಾಬರ್ಟ್ಸ್ ಅವರ ಮಗ. ಅಪ್ಪ ಹೊರಗೆ ನಿಂತು ಕೇಳಿದ್ದನ್ನು ಮಗ ಒಳಗೆ ಕೂತು ಕೇಳುವಂತಾಯಿತು.

ಕಮಿಷನ್ನಿನ ರೀತಿ ಸರಳ. ರೇಸಿನ ವಾರಾಂತ್ಯದ ಶುಕ್ರವಾರ, ಅಭ್ಯಾಸ ಮುಗಿದ ಮೇಲೆ, ಸವಾರರು, ಆಯೋಜಕರು, ಸುರಕ್ಷತಾ ಅಧಿಕಾರಿಗಳು ಒಂದು ಕೋಣೆಯಲ್ಲಿ ಕೂರುತ್ತಾರೆ. ಅಂದು ಬಿದ್ದವರು ಅಂದೇ ಮಾತಾಡುತ್ತಾರೆ. ಉಂಚಿನಿ ವರ್ಷಗಟ್ಟಲೆ ಆ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಕೇಳಿಸಿಕೊಂಡರು.

ಅದರ ಬೆಲೆ ಏನೆಂಬುದು 2016ರ ಜೂನ್ 3ರಂದು ತಿಳಿಯಿತು. ಬಾರ್ಸಿಲೋನಾ ಬಳಿಯ ಟ್ರ್ಯಾಕಿನಲ್ಲಿ ಅಭ್ಯಾಸದ ವೇಳೆ ಸ್ಪೇನಿನ ಲೂಯಿಸ್ ಸಾಲೊಮ್ ಸತ್ತರು. ಆ ತಿರುವಿನ ಹೊರಬದಿಗೆ ಜಲ್ಲಿಯ ಬದಲು ಡಾಂಬರು ಹಾಸಿತ್ತು. ದಾರಿ ತಪ್ಪಿದ ಕಾರಿಗೆ ಡಾಂಬರು ಒಳ್ಳೆಯದು. ಬ್ರೇಕ್ ಹಿಡಿದು ಟ್ರ್ಯಾಕಿಗೆ ಮರಳಬಹುದು. ಬಿದ್ದ ಸವಾರನ ವೇಗ ಡಾಂಬರಿನ ಮೇಲೆ ಜಲ್ಲಿಯ ಮೇಲಿನಷ್ಟು ತಗ್ಗುವುದಿಲ್ಲ. ಮೊಂಝಾದಿಂದ 43 ವರ್ಷಗಳ ನಂತರವೂ ಟ್ರ್ಯಾಕನ್ನು ಕಾರಿನ ಕಣ್ಣಿಂದಲೇ ನೋಡುವ ಅಭ್ಯಾಸ ಉಳಿದಿತ್ತು. ಆದರೆ ಈ ಸಲ ಪರಿಹಾರಕ್ಕೆ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಅದೇ ಸಂಜೆ ಸಭೆ ಸೇರಿತು, ಟ್ರ್ಯಾಕಿನ ವಿನ್ಯಾಸ ಬದಲಾಯಿತು. ವೇಗ ತಗ್ಗಿಸುವ ತಿರುವಿನ ಮೂಲಕ ಮರುದಿನ ಬೈಕುಗಳು ಹಾದವು.

2020ರ ಆಗಸ್ಟ್ 16ರಂದು ಆಸ್ಟ್ರಿಯಾದ ಷ್ಪೀಲ್‌ಬರ್ಗ್‌ನಲ್ಲಿ ಎರಡು ಬೈಕುಗಳು ಡಿಕ್ಕಿಯಾಗಿ, ಸವಾರರಿಲ್ಲದ ಆ ಯಂತ್ರಗಳು ಗಾಳಿಯಲ್ಲಿ ತೂರಿ ಬಂದು ರಾಸ್ಸಿ ಮತ್ತು ಮಾವೆರಿಕ್ ವಿನ್ಯಾಲೆಸ್ ಅವರ ತಲೆಗಳಿಗೆ ಗೇಣಿನ ಅಂತರದಲ್ಲಿ ಹಾದುಹೋದವು. ಮುಂದಿನ ಭಾನುವಾರದ ರೇಸಿಗೆ ಆ ತಿರುವಿನಲ್ಲಿ ಹೆಚ್ಚುವರಿ ತಡೆ ಬಂತು. 2022ರ ಹೊತ್ತಿಗೆ ಅಲ್ಲಿ ಹೊಸ ತಿರುವನ್ನೇ ಕಟ್ಟಿ ವೇಗ ತಗ್ಗಿಸಲಾಯಿತು.

ಈ ಪದ್ಧತಿಯ ಫಲವನ್ನು ಭಾರತವೂ ಕಂಡಿದೆ. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ಮೊದಲ ಮೋಟೊಜಿಪಿ ನಡೆದಾಗ ಸವಾರರು ಬಿಸಿಲ ಬೇಗೆಯ ಬಗ್ಗೆ ಆತಂಕ ಹೇಳಿಕೊಂಡರು. 24 ಲ್ಯಾಪ್‌ಗಳ ರೇಸ್ 21ಕ್ಕೆ ಇಳಿಯಿತು. ಇಳಿಸಿದರೂ ಎರಡನೆಯವರಾಗಿ ಗುರಿ ಮುಟ್ಟಿದ ಸ್ಪೇನಿನ ಜಾರ್ಜ್ ಮಾರ್ಟಿನ್ ಬೈಕ್ ಇಳಿದ ಕೂಡಲೇ ನಿರ್ಜಲೀಕರಣದಿಂದ ಕುಸಿದರು. ಮೂರು ಲ್ಯಾಪ್ ಹೆಚ್ಚು ಓಡಿದ್ದರೆ ಏನಾಗುತ್ತಿತ್ತೆಂದು ಊಹಿಸಿದರೆ ಭಯವಾಗುತ್ತದೆ.

ಮಕ್ಕಳ ರೇಸು, ದೊಡ್ಡವರ ಹೊಣೆ

2021 ಬೈಕ್ ಲೋಕದ ಕರಾಳ ವರ್ಷ. ಮೇ ತಿಂಗಳಲ್ಲಿ ಮುಜೆಲ್ಲೊದಲ್ಲಿ 19ರ ಜೇಸನ್ ಡುಪಾಸ್ಕಿಯೆ, ಜುಲೈಯಲ್ಲಿ ಸ್ಪೇನಿನ ಅರಗಾನ್‌ನಲ್ಲಿ 14ರ ಹ್ಯೂಗೊ ಮಿಲ್ಯಾನ್, ಸೆಪ್ಟೆಂಬರ್‌ನಲ್ಲಿ ಹೆರೆಸ್‌ನಲ್ಲಿ 15ರ ಡೀನ್ ಬೆರ್ತಾ ವಿನ್ಯಾಲೆಸ್ ಸತ್ತರು. ಅಪಘಾತಗಳ ಬಗೆ ಒಂದೇ: ಗುಂಪಿನಲ್ಲಿ ಬಿದ್ದ ಹುಡುಗನಿಗೆ ಹಿಂದಿನ ಬೈಕ್ ಬಡಿಯಿತು.

ಚಿಕ್ಕ ಎಂಜಿನ್ನಿನ ಬೈಕುಗಳ ರೇಸಿನಲ್ಲಿ ಅಪಾಯ ಕಡಿಮೆ ಎಂದು ಹೊರಗಿನವರಿಗೆ ಅನಿಸಬಹುದು. ನಿಜ ಬೇರೆ. ಎಲ್ಲರ ಬೈಕಿನ ಬಲವೂ ಒಂದೇ ಆದ್ದರಿಂದ ಯಾರೂ ಯಾರಿಂದಲೂ ದೂರ ಹೋಗಲಾರರು. ಮುಂದಿನವನ ಗಾಳಿಯ ನೆರಳಿನಲ್ಲಿ ಅಂಟಿಕೊಂಡು ಇಡೀ ಗುಂಪು ಒಟ್ಟಿಗೇ ತಿರುವಿಗೆ ನುಗ್ಗುತ್ತದೆ. ನಡುವಿನಲ್ಲಿ ಒಬ್ಬ ಬಿದ್ದರೆ ಹಿಂದಿನವರಿಗೆ ದಾರಿಯಿಲ್ಲ. ಇದನ್ನು ಯಾವ ಹೆಲ್ಮೆಟ್ಟೂ, ಯಾವ ಏರ್‌ಬ್ಯಾಗೂ ಪೂರ್ತಿ ತಡೆಯಲಾರದು. ತಡೆಯಬಲ್ಲದ್ದು ನಿಯಮ. ಅದೇ ವರ್ಷ ಎಫ್‌ಐಎಂ ಕನಿಷ್ಠ ವಯಸ್ಸು ಏರಿಸಲು, ಕಿರಿಯರ ಗ್ರಿಡ್‌ನಲ್ಲಿ ಬೈಕುಗಳ ಸಂಖ್ಯೆ ಇಳಿಸಲು ತೀರ್ಮಾನಿಸಿತು. 2023ರಿಂದ ವಿಶ್ವ ಚಾಂಪಿಯನ್‌ಷಿಪ್ ಸವಾರರಿಗೆ, ಕೆಲವು ವಿನಾಯಿತಿ ಬಿಟ್ಟರೆ, 18 ತುಂಬಿರಬೇಕು.

ಅದೇ 2023ರ ಆಗಸ್ಟ್ 5, ಶನಿವಾರ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಮೂರನೇ ಸುತ್ತು. ರೂಕಿ ವರ್ಗದಲ್ಲಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟದ್ದು ಬೆಂಗಳೂರಿನ ಶ್ರೇಯಸ್ ಹರೀಶ್. ಆಗಷ್ಟೇ 13 ತುಂಬಿತ್ತು. ಆ ವರ್ಷದ ಗೆಲುವುಗಳಿಂದ ಎಲ್ಲರ ಕಣ್ಣು ಅವನ ಮೇಲಿತ್ತು. ರೇಸ್ ಶುರುವಾದ ಕೆಲವೇ ಕ್ಷಣಗಳಲ್ಲಿ, ಮೊದಲ ತಿರುವಿನಿಂದ ಹೊರಬರುವಾಗ ಬಿದ್ದ. ತಲೆಗೆ ಪೆಟ್ಟಾಯಿತು. ಕೆಂಪು ಬಾವುಟ ಬಂತು, ಆಂಬುಲೆನ್ಸ್ ಬಂತು. ಮಗು ಉಳಿಯಲಿಲ್ಲ. ಉಳಿದ ರೇಸುಗಳನ್ನು ರದ್ದು ಮಾಡಿದರು.

ಮನೆಯ ಮಗನನ್ನು ಕಳೆದುಕೊಂಡವರ ನೋವಿನ ಮುಂದೆ ಉಪದೇಶ ಸಲ್ಲದು. ಬೈಕೆಂದರೆ ಜೀವ ಬಿಡುವ ಮಕ್ಕಳನ್ನು ದೂರುವುದೂ ಸಲ್ಲದು. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿಗಳ ಸದ್ದು ಕೇಳಿ ಬೆಳೆದ ನಾಡಿದು. ವೇಗದ ಆಸೆ ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ. ದೊಡ್ಡವರ ಹೊಣೆ ಎಂದರೆ ಆ ಆಸೆಗೆ ಸುರಕ್ಷಿತ ಅಂಗಳ ಕೊಡುವುದು.

---

ಬಾಕ್ಸ್: ಟ್ರ್ಯಾಕಿನಿಂದ ರಸ್ತೆಗೆ

● 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು.

● ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ.

● ಬೈಕಿನಲ್ಲಿ ಕೂರಿಸುವ 9 ತಿಂಗಳಿನಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್, ಕಟ್ಟುಪಟ್ಟಿ ಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಇದು ಕೇಂದ್ರ ಸರ್ಕಾರದ ನಿಯಮ.

● ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣದಲ್ಲೇ ತಲೆ ಬಿಟ್ಟು ಹಾರುತ್ತದೆ. ಗದ್ದದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಸಡಿಲ ಇರಬಾರದು.

---

ನಾವು ಮಾಡಬಹುದಾದ್ದು

ಪೂರ್ಣ ಪ್ರಮಾಣದ ಕಾಯಂ ರೇಸ್ ಟ್ರ್ಯಾಕ್ ಕರ್ನಾಟಕದಲ್ಲಿ ಇಲ್ಲ. ನಮ್ಮ ಸವಾರರು ಚೆನ್ನೈಗೆ, ಕೊಯಮತ್ತೂರಿಗೆ ಹೋಗಬೇಕು. ಹೋಗಲಾಗದ ಹುಡುಗರು ರಾತ್ರಿಹೊತ್ತು ವಿಮಾನ ನಿಲ್ದಾಣದ ರಸ್ತೆಯಲ್ಲಿ ವೀಲಿ ಮಾಡಿ ಪೊಲೀಸರ ಕೈಗೋ, ಸಾವಿನ ಕೈಗೋ ಸಿಗುತ್ತಾರೆ. ಇಂಥಲ್ಲಿ ಮುಂದಾಳಾಗಿ ನಿಂತವರೂ ಬಿದ್ದು ಎದ್ದವರೇ. ಸಂತೋಷ್ ಕೋಲಾರದ ಬಳಿ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕಿನಲ್ಲಿ ಮಣ್ಣಿನ ಹಾದಿಯ ಸವಾರಿಯನ್ನು ಕ್ರಮಬದ್ಧವಾಗಿ ಕಲಿಸುತ್ತಾರೆ. ಒಬ್ಬ ಸವಾರ ತನ್ನ ಬಲದಿಂದ ಮಾಡಿದ್ದನ್ನು ಸರ್ಕಾರ, ಬೈಕ್ ಕಂಪನಿಗಳು ಹತ್ತು ಕಡೆ ಮಾಡಬಹುದು.

ರೇಸಿಗೆ ಇಳಿಯುವ ಮಕ್ಕಳಿಗೆ ಚಿಕ್ಕ ಟ್ರ್ಯಾಕು, ಚಿಕ್ಕ ಬೈಕು, ಚಿಕ್ಕ ಗ್ರಿಡ್ ಇರಲಿ. ಅವರ ಮೈಗೆ ಏರ್‌ಬ್ಯಾಗ್ ಇರಲೇಬೇಕು. ಅದರ ವೆಚ್ಚವನ್ನು ತಂದೆತಾಯಿಗಳ ಮೇಲೆ ಹೊರಿಸದೆ, ಆ ರೇಸುಗಳಿಂದ ಹೆಸರು ಗಳಿಸುವ ಕಂಪನಿಗಳು ಹೊರಲಿ. ದೊಡ್ಡ ಅಪಘಾತದ ತನಿಖಾ ವರದಿ ಪ್ರತಿಯೊಂದೂ ಸಾರ್ವಜನಿಕವಾಗಲಿ. ಕಾರಣ ತಿಳಿಯದೆ ಮುಂದಿನ ಅಪಘಾತ ತಪ್ಪಿಸಲಾಗದು.

ಇವಕ್ಕೆಲ್ಲ ಹಣ ಬೇಕು, ಕಾಲ ಬೇಕು. ಎರಡೂ ಬೇಡದ ಒಂದು ಕೆಲಸವಿದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಪ್ರತಿ ಸುತ್ತಿನಲ್ಲೂ ಅಭ್ಯಾಸದ ದಿನ ಸಂಜೆ ಸವಾರರ ಸಭೆ ನಡೆಯಲಿ. ಕಿರಿಯ ಸವಾರರ ತಂದೆತಾಯಿಗೂ ಅಲ್ಲಿ ಕುರ್ಚಿ ಇರಲಿ. ಯಾವ ತಿರುವು ಹೆದರಿಸಿತು, ಎಲ್ಲಿ ಗೋಡೆ ಹತ್ತಿರ ಅನಿಸಿತು ಎಂಬುದನ್ನು ಅವರು ಹೇಳಲಿ, ಅಧಿಕಾರಿಗಳು ಬರೆದುಕೊಳ್ಳಲಿ, ಬೆಳಗಾಗುವುದರೊಳಗೆ ಉತ್ತರ ಕೊಡಲಿ.

ಆ ಸಭೆಯ ಮೊದಲ ನಿಯಮ ಹೀಗಿರಲಿ: ‘ಟ್ರ್ಯಾಕ್ ಸರಿಯಿಲ್ಲ, ನಾನು ಇಳಿಯುವುದಿಲ್ಲ’ ಎಂದ ಸವಾರನಿಗೆ ದಂಡವಿಲ್ಲ, ತಂಡದಲ್ಲಿ ಸ್ಥಾನ ಹೋಗುವುದಿಲ್ಲ. ಸ್ಪಾದಲ್ಲಿ ಈ ಮಾತಿಗೆ ಶಿಕ್ಷೆ ಸಿಕ್ಕಿತು. ಅದೇ ಮಾತು ಸೇಫ್ಟಿ ಕಮಿಷನ್ನಿನ ಮೇಜಿಗೆ ಬರಲು ಜಗತ್ತಿಗೆ 24 ವರ್ಷ ಬೇಕಾಯಿತು, ಆ ನಡುವೆ ಅನೇಕ ಪ್ರಾಣಗಳು ಹೋದವು. ಅವರು ತೆತ್ತ ಬೆಲೆಯನ್ನು ನಾವು ಮತ್ತೊಮ್ಮೆ ತೆರಬೇಕಿಲ್ಲ. ಮುಂದಿನ ಋತು ಆರಂಭವಾಗುವ ಮುನ್ನವೇ ಆ ನಿಯಮವನ್ನು ಬರೆದು, ಗ್ರಿಡ್‌ಗೆ ಬರುವ ಅತಿ ಕಿರಿಯ ಸವಾರನಿಗೂ ಅರ್ಥವಾಗುವಂತೆ ಅವನ ಭಾಷೆಯಲ್ಲೇ ಓದಿ ಹೇಳಬೇಕು.